ಪದ್ಮಿನಿಯ ಮುಂದಿನ ಎರಡು ಸ್ಪ್ರಿಂಗ್

ಆ ದಿನ ಅಜ್ಜಂಪುರದಿಂದ ಬೀರೂರಿನ ಕಡೆಗೆ ಕಾರು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ನನ್ನ ಗಂಡ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಕೂತಿದ್ದರು. ಅವರಿಗೆ ಬೆನ್ನುಮೂಳೆಯ ಆಪರೇಷನ್ ಆಗಿ ಕೆಲವು ತಿಂಗಳಾಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ಜಾಸ್ತಿ ಕುಲುಕಾಟ ಆಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವರನ್ನು ತೋರಿಸಿಕೊಂಡು ಬರಲೆಂದೇ ಹೊರಟಿದ್ದೆವು.

ಕಾರು ನಮ್ಮಪ್ಪನದು, ಹಳೆಯ ಪದ್ಮಿನಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅದನ್ನು ಮಾರಿಬಿಡೋಣ ಅಂದಿದ್ದ, ನಾನು ಬಿಡಲಿಲ್ಲ. ಹೊಲಿಗೆ ಕಲಿಸಲು ನಾನು ಸಿಂಗಟಗೆರೆಗೂ ಅಜ್ಜಂಪುರಕ್ಕೂ ಓಡಾಡುತ್ತೇನೆ. ಮೆಷಿನ್ನು, ಬಟ್ಟೆಯ ಗಂಟು ಎಲ್ಲ ಅದರ ಡಿಕ್ಕಿಯಲ್ಲೇ ಹೋಗುತ್ತಿದ್ದವು. ಮುಂದಿನ ಭಾಗ ಸ್ವಲ್ಪ ಕುಸಿದಿದೆ ಅನ್ನುವುದು ನನಗೆ ಗೊತ್ತಿತ್ತು. ಹಂಪ್ ಮೇಲೆ ಹತ್ತಿಸಿದಾಗ ಕೆಳಗೆ ತಾಗುತ್ತಿತ್ತು, ಬ್ರೇಕ್ ಹಾಕಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು. ವಯಸ್ಸಾದ ಕಾರು, ಅಷ್ಟಾದರೂ ಆಗದೇ ಇರುತ್ತದೆಯೇ ಅಂದುಕೊಂಡು ಸುಮ್ಮನಿದ್ದೆ.

ಒಂದು ಮೋರಿ ದಾಟಿದ ಕೂಡಲೇ ಎಡಗಡೆ ಚಕ್ರ ಗುಂಡಿಗೆ ಇಳಿಯಿತು. ಕೆಳಗಿನಿಂದ ಕಬ್ಬಿಣ ಮುರಿದ ಹಾಗೆ ಸದ್ದು ಬಂತು. ಕಾರು ಎಡಕ್ಕೆ ವಾಲಿ, ಸ್ಟೇರಿಂಗ್ ನನ್ನ ಕೈಯನ್ನೂ ಎಳೆದುಕೊಂಡು ಎಡಕ್ಕೇ ಹೋಯಿತು. ರಸ್ತೆಯ ಅಂಚಿನಲ್ಲಿ ಒಬ್ಬಾತ ಸೈಕಲ್ಲಿಗೆ ತೆಂಗಿನಕಾಯಿ ಚೀಲ ಹೇರಿಕೊಂಡು ತಳ್ಳುತ್ತಾ ಹೋಗುತ್ತಿದ್ದ. ಅವನ ಬೆನ್ನು ನನ್ನ ಗಾಜಿನ ಮುಂದೆ ದೊಡ್ಡದಾಗುತ್ತಾ ಬಂತು. ಇದ್ದ ಶಕ್ತಿಯೆಲ್ಲ ಹಾಕಿ ಬಲಕ್ಕೆ ತಿರುಗಿಸಿದೆ. ಎದುರಿಗೆ ಬಸ್ಸು. ಅದರ ಹಾರ್ನು ಕಿವಿಯೊಳಗೇ ಹೊಡೆದಂತಾಯಿತು. ಮತ್ತೆ ಎಡಕ್ಕೆ ಎಳೆದು ಬ್ರೇಕ್ ಒತ್ತಿದೆ. ಬಸ್ಸು ಕನ್ನಡಿಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಹಾದುಹೋಯಿತು. ನಾವು ಸೈಕಲ್ಲಿನವನಿಗಿಂತ ಸ್ವಲ್ಪ ಹಿಂದೆ, ಬೇಲಿಯ ಪಕ್ಕ ಮಣ್ಣಿನಲ್ಲಿ ನಿಂತಿದ್ದೆವು.

"ರೀ, ಬೆನ್ನು?" ಅಂದೆ.

"ಮೊದಲು ಇಂಜಿನ್ ಆಫ್ ಮಾಡು," ಅಂದರು. ಅವರ ತುಟಿ ಬಿಳಿಚಿಕೊಂಡಿತ್ತು.

ಇಳಿದು ನೋಡಿದರೆ ಎಡಗಡೆ ಟೈರು ಮಡ್‌ಗಾರ್ಡಿಗೆ ಒತ್ತಿಕೊಂಡು ನಿಂತಿತ್ತು. ಮುಂದಿನ ಸ್ಪ್ರಿಂಗ್ ತುಂಡಾಗಿತ್ತು. ಸೈಕಲ್ಲಿನವನು ಹಿಂದಿರುಗಿ ಬಂದು ನಮ್ಮಿಬ್ಬರ ಮುಖ ನೋಡಿದ. ಬೈಯುತ್ತಾನೆ ಅಂದುಕೊಂಡಿದ್ದೆ. "ನೀರು ಕುಡೀರಿ ಅಕ್ಕ," ಎಂದು ತನ್ನ ಬಾಟಲಿ ಚಾಚಿದ.

ಅಣ್ಣನಿಗೆ ಫೋನ್ ಮಾಡಿದೆ. ಅವನು ತರೀಕೆರೆಯಲ್ಲಿದ್ದಾನೆ. ಬಸ್ಸುಗಳ ವರ್ಕ್‌ಶಾಪಿನಲ್ಲಿ ದುಡಿದು ರಿಟೈರಾದವನು, ಮನೆಯ ಹಿಂದೆ ಶೀಟು ಹಾಕಿದ ಒಂದು ಶೆಡ್ ಇದೆ. ಟೋಯಿಂಗ್ ಗಾಡಿ ಕಳಿಸಿ ಕಾರನ್ನು ಅಲ್ಲಿಗೇ ತರಿಸಿಕೊಂಡ. ನಾವು ಮಾರನೆಯ ದಿನ ಹೋದಾಗ ಮುರಿದ ಸ್ಪ್ರಿಂಗ್ ಬಿಚ್ಚಿ ಕಲ್ಲಿನ ಮೇಲೆ ಇಟ್ಟಿದ್ದ.

"ಎಷ್ಟು ಸಲ ಹೇಳ್ದೆ ಮಾರ್ಬಿಡು ಅಂತ? ಭಾವನ್ನ ಕೂರಿಸ್ಕೊಂಡು ಇದ್ರಲ್ಲಿ ಹೋಗ್ತೀಯಲ್ಲ, ಬುದ್ಧಿ ಐತೇನೇ?"

ನನ್ನ ಗಂಡನಿಗೆ ಆ ಮಾತು ಹಿಡಿಸಲಿಲ್ಲ. ಮೊದಲಿನಿಂದಲೂ ಇಬ್ಬರಿಗೂ ಅಷ್ಟಕ್ಕಷ್ಟೇ. ಇವರು ಏನು ಹೇಳಿದರೂ ಫೋನಿನಲ್ಲಿ ನೋಡಿ ಹೇಳುತ್ತಾರೆ ಎಂದು ಅವನಿಗೆ, ಅವನು ಯಾರ ಮಾತೂ ಕೇಳುವುದಿಲ್ಲ ಎಂದು ಇವರಿಗೆ. ಆವತ್ತು ಸ್ಪ್ರಿಂಗ್ ವಿಷಯಕ್ಕೂ ಹಾಗೇ ಆಯಿತು. ಅಣ್ಣನಿಗೆ ಮೊದಲಿದ್ದಂಥದ್ದೇ ಬೇಕು. ಆದರೆ ಅಂಥದ್ದು ಹೊಸದಾಗಿ ಎಲ್ಲೂ ಸಿಗಲಿಲ್ಲ. ಗುಜರಿಯಿಂದ ಒಂದು ಜೋಡಿ ತಂದಿದ್ದ. ಪಕ್ಕಪಕ್ಕ ನಿಲ್ಲಿಸಿದರೆ ಒಂದು ಇನ್ನೊಂದಕ್ಕಿಂತ ಗಿಡ್ಡ. ನನ್ನ ಗಂಡ ಕೊಯಮತ್ತೂರಿನಲ್ಲಿ ಹಳೇ ಕಾರುಗಳಿಗೆ ಗಟ್ಟಿ ಸ್ಪ್ರಿಂಗ್ ಮಾಡಿಕೊಡುವವರನ್ನು ಹುಡುಕಿದ್ದರು. ಅವರಲ್ಲಿ ಎರಡು ಬಗೆ. ಒಂದು ಮೊದಲಿನದಕ್ಕಿಂತ ಸ್ವಲ್ಪವೇ ದಪ್ಪ ತಂತಿಯದು. ಇನ್ನೊಂದು ರೇಸಿನವರು ಹಾಕಿಸಿಕೊಳ್ಳುವಂಥದ್ದು. ಇವರಿಗೆ ಆ ರೇಸಿನದೇ ಬೇಕು.

"ಮುರಿಯೋ ಮಾತೇ ಇರಬಾರದು," ಎಂದು ಹಟ ಹಿಡಿದರು. ಬಸ್ಸಿನ ಮೂತಿ ಇನ್ನೂ ಅವರ ಕಣ್ಣಿನಿಂದ ಹೋಗಿರಲಿಲ್ಲ.

"ಗಟ್ಟಿ ಹಾಕ್ದಷ್ಟೂ ಏಟು ನಿಮ್ ಬೆನ್ನಿಗೇ ಬತ್ತದೆ ಭಾವ," ಅಂದ ಅಣ್ಣ. "ಎತ್ತರ ಆದ್ರೆ ಸ್ಟೇರಿಂಗೂ ನೆಟ್ಟಗಿರಲ್ಲ."

ನಾನು ಆ ಕೊಯಮತ್ತೂರಿನವರಿಗೇ ಫೋನ್ ಮಾಡಿದೆ. ಹಳೇ ಸ್ಪ್ರಿಂಗಿನ ತಂತಿ ಎಷ್ಟು ದಪ್ಪ, ಎಷ್ಟು ಸುತ್ತು, ಮುಂದಿನ ಸೀಟಿನಲ್ಲಿ ಸಾಮಾನ್ಯವಾಗಿ ಎಷ್ಟು ಜನ, ರಸ್ತೆ ಹೇಗಿದೆ ಎಂದು ಆತ ಸಮಾಧಾನವಾಗಿ ಕೇಳಿದ. ಮನೆಯಲ್ಲಿ ಬೆನ್ನಿನ ಆಪರೇಷನ್ ಆದವರಿದ್ದಾರೆ ಎಂದಾಗ, ರೇಸಿನದು ಕೊಡಲು ಅವನೇ ಒಪ್ಪಲಿಲ್ಲ. ಸ್ವಲ್ಪ ದಪ್ಪದ್ದನ್ನೇ ಒಂಚೂರು ಗಿಡ್ಡ ಮಾಡಿ ಕೊಟ್ಟರೆ ಕಾರಿನ ಎತ್ತರ ಮೊದಲಿನಷ್ಟೇ ಇರುತ್ತದೆ, ಬಗ್ಗುವುದು ಕಡಿಮೆಯಾಗುತ್ತದೆ ಎಂದ. ಅದನ್ನೇ ಕಳಿಸಿ ಅಂದೆ. ಫೋನ್ ಇಟ್ಟಾಗ ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

"ಓಡಿಸೋಳು ನಾನು. ನಂಗೆ ಇದೇ ಸಾಕು," ಅಂದೆ. ಇಬ್ಬರಿಗೂ ಸಮಾಧಾನವಾಗಲಿಲ್ಲ.

ಸ್ಪ್ರಿಂಗ್ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತೆವು. ಹೊಸವು ಕೆಂಪು ಬಣ್ಣ ಬಳಿದುಕೊಂಡು ಮಿಂಚುತ್ತಿದ್ದವು. ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಚಕ್ರ ಬಿಚ್ಚಿ, ಚಕ್ರ ಹಿಡಿದಿರುವ ಕೆಳಗಿನ ತೋಳಿಗೆ ಜಾಕ್ ಕೊಟ್ಟಿದ್ದ ಅಣ್ಣ. ಸ್ಪ್ರಿಂಗನ್ನು ಎರಡು ಕೊಕ್ಕೆಯ ಉದ್ದನೆಯ ಬೋಲ್ಟುಗಳಿಂದ ಬಿಗಿದು ಅದುಮಿ, ತೋಳಿನ ಮೇಲೆ ಕೂರಿಸಿ, ಜಾಕ್ ಏರಿಸುತ್ತಾ ಬಂದರೆ ಅದು ಮೇಲೆ ಕಾರಿನ ಚೌಕಟ್ಟಿನಲ್ಲಿರುವ ಬಟ್ಟಲಿನಂಥ ಗುಳಿಯಲ್ಲಿ ಹೋಗಿ ಕೂರಬೇಕು. ಅದುಮಿದ ಸ್ಪ್ರಿಂಗ್ ಜಾರಿದರೆ ಎದುರಿಗಿದ್ದವರ ತಲೆ ಉಳಿಯುವುದಿಲ್ಲ ಎಂದು ಅಣ್ಣ ಮೊದಲೇ ಹೇಳಿ ನಮ್ಮನ್ನು ಪಕ್ಕಕ್ಕೆ ಸರಿಸಿದ್ದ.

"ಒಂದು ಚೈನ್ ಹಾಕೋಣ," ಅಂದರು ನನ್ನ ಗಂಡ. "ಸ್ಪ್ರಿಂಗಿನೊಳಗಿಂದ ತೂರಿಸಿ ಚಾಸಿಗೆ ಕಟ್ಟಿದ್ರೆ, ಜಾರಿದ್ರೂ ಹಾರಲ್ಲ. ವಿಡಿಯೋದಲ್ಲಿ ನೋಡ್ದೆ."

"ಬಸ್ಸಿನ ಸ್ಪ್ರಿಂಗೇ ಬಿಚ್ಚಿದೀನಿ ಭಾವ."

"ಇರ್ಲಿ, ಹಾಕು ಅಣ್ಣ," ಅಂದೆ ನಾನು. ಗೊಣಗುತ್ತಲೇ ಒಂದು ಹಳೇ ಸರಪಳಿ ಹುಡುಕಿ ತಂದು ಸುತ್ತಿದ.

ಬಲಗಡೆಯದು ತೊಂದರೆ ಕೊಡದೆ ಕೂತಿತು. ಎಡಗಡೆಯದು ಬಗ್ಗಲಿಲ್ಲ. ಅಣ್ಣ ಬೋಲ್ಟು ಬಿಗಿದಷ್ಟೂ ಅದು ಕಿರ್ರೆನ್ನುತ್ತಿತ್ತು. ಹೇಗೋ ತೋಳಿನ ಮೇಲೆ ಇಟ್ಟು, ನನ್ನ ಕೈಗೆ ಜಾಕಿನ ಹಿಡಿ ಕೊಟ್ಟು, ಮೇಲಿನ ಬಟ್ಟಲಿನ ರಬ್ಬರು ಸರಿ ಮಾಡಲು ಕೈ ಒಳಗೆ ಹಾಕಿದ. "ಏರ್ಸು... ಇನ್ನೊಂಚೂರು... ಸಾಕು," ಅಂದ. ಆಗಲೇ ಟಕ್ ಎಂದು ಸದ್ದಾಯಿತು. ಹೊಸ ಬಣ್ಣದ ಮೇಲೆ ಒಂದು ಕೊಕ್ಕೆ ಜಾರಿತ್ತು. ಸ್ಪ್ರಿಂಗ್ ಹೊಟ್ಟೆ ಉಬ್ಬಿಸಿದ ಹಾಗೆ ಹೊರಕ್ಕೆ ಬಾಗಿತು. ಅಣ್ಣ ಕೂಗಲಿಲ್ಲ. ಉಸಿರನ್ನು ಒಳಗೆ ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು.

"ಜಾಕ್ ಮುಟ್ಟಬೇಡ," ಅಂದ. "ಬೆರಳು ಸಿಕ್ಕಾಕ್ಕೊಂಡವೆ."

ಅವನ ಬಲಗೈಯ ಎರಡು ಬೆರಳು ಸ್ಪ್ರಿಂಗಿನ ತುದಿಗೂ ಬಟ್ಟಲಿಗೂ ನಡುವೆ ಒತ್ತಿಕೊಂಡಿದ್ದವು. ಜಾಕ್ ಏರಿಸಿದರೆ ಬೆರಳು ಜಜ್ಜಿಹೋಗುತ್ತದೆ. ಇಳಿಸಿದರೆ ಬಾಗಿರುವ ಸ್ಪ್ರಿಂಗ್ ಸಿಡಿಯುತ್ತದೆ, ಅದರ ಮುಂದೆಯೇ ಅವನ ಮುಖ. ಉಳಿದೊಂದು ಕೊಕ್ಕೆಯೂ ಜಾರುತ್ತಾ ಇತ್ತು, ಕೆಂಪು ಬಣ್ಣದ ಪುಡಿ ಉದುರುತ್ತಿತ್ತು. ನನ್ನ ಅಂಗೈ ಬೆವರಿ ಜಾಕಿನ ಹಿಡಿ ಜಾರುವಂತಾಯಿತು. ಸೆರಗಿನಿಂದ ಒರೆಸಿಕೊಂಡೆ.

"ಚೈನ್ ತಡೀತದಾ ಅಣ್ಣ?"

"ನಂಗೇನ್ ಗೊತ್ತೇ," ಅಂದ. ಅವನ ದನಿ ಹಾಗಿದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ, "ಇಳ್ಸು. ಕೂದಲೆಳೆಯಷ್ಟು ಇಳ್ಸು. ಬೆರಳು ಬಿಟ್ಕಂಡ ತಕ್ಷಣ ಹೇಳ್ತೀನಿ," ಅಂದ. ಆದರೆ ಕೈ ಜೋಮು ಹಿಡಿದಿತ್ತು, ಬಿಟ್ಟುಕೊಂಡರೂ ಅವನಿಗೆ ಗೊತ್ತಾಗುವಂತಿರಲಿಲ್ಲ. ನಾನು ಕೂತ ಕಡೆಯಿಂದ ನನಗೂ ಅದು ಕಾಣುತ್ತಿರಲಿಲ್ಲ.

ನನ್ನ ಗಂಡ ಆಗ ನೆಲಕ್ಕೆ ಕೈಯೂರಿ ಮಲಗಿದರು. ಬೆನ್ನು ನೆಲಕ್ಕೆ ಕೊಟ್ಟು, ಕಾರಿನ ಬಲಗಡೆಯಿಂದ ತಲೆ ಒಳಗೆ ತೂರಿಸಿದರು. "ರೀ, ಬೇಡ!" ಅಂದೆ. ಮೊಬೈಲಿನ ಬೆಳಕು ಮೇಲಕ್ಕೆ ಹಿಡಿದು, "ನಂಗೆ ಬೆರಳು ಕಾಣ್ತಾ ಇದೆ. ನಾನು ಹೇಳ್ತೀನಿ. ನೀನು ಇಳಿಸು. ಭಾವ, ನೀವು ಮುಖ ಆ ಕಡೆ ತಿರುಗಿಸಿಕೊಳ್ಳಿ," ಎಂದು ಅಣ್ಣನಿಗೂ ಹೇಳಿದರು.

ಜಾಕಿನ ತಿರುಪನ್ನು ತಿರುಗಿಸಿದೆನೋ ಇಲ್ಲವೋ ಅನ್ನುವಷ್ಟು ತಿರುಗಿಸಿದೆ. ತೋಳು ಇಳಿಯಿತು. "ಇನ್ನೂ ಇಲ್ಲ," ಅಂದರು. ಮತ್ತೆ ತಿರುಗಿಸಿದೆ. ಸ್ಪ್ರಿಂಗ್ ಇನ್ನಷ್ಟು ಬಾಗಿತು, ಸರಪಳಿ ಬಿಗಿಯಾಗಿ ಕಟಕಟ ಅಂದಿತು. "ಇನ್ನೂ ಇಲ್ಲ... ಸಂದು ಬಂತು... ಇನ್ನೊಂಚೂರು... ಈಗ! ಎಳೀರಿ!"

ಅಣ್ಣ ಇಡೀ ಮೈ ಹಿಂದಕ್ಕೆ ಎಸೆದ. ಅವನು ಬಿದ್ದದ್ದೂ ಸ್ಪ್ರಿಂಗ್ ಸಿಡಿದದ್ದೂ ಒಟ್ಟಿಗೇ ಆಯಿತು. ಶೆಡ್ಡಿನ ಶೀಟೆಲ್ಲ ಗುಡುಗಿದ ಹಾಗೆ ಸದ್ದು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಸ್ಪ್ರಿಂಗ್ ಸರಪಳಿಗೆ ಜೋತುಬಿದ್ದು ತೂಗಾಡುತ್ತಿತ್ತು, ಮಡ್‌ಗಾರ್ಡಿನ ಒಳಗೆ ದೊಡ್ಡದೊಂದು ತಗ್ಗು ಬಿದ್ದಿತ್ತು. ಅಣ್ಣ ನೆಲದ ಮೇಲೆ ಕೂತು ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದ. ಕಾರಿನ ಕೆಳಗಿನಿಂದ ನನ್ನ ಗಂಡನ ಕಾಲುಗಳು ಮಾತ್ರ ಕಾಣುತ್ತಿದ್ದವು, ಅಲುಗಾಡುತ್ತಿರಲಿಲ್ಲ.

"ರೀ!"

"ಇದೀನಿ," ಅಂದರು. "ಏಳೋಕೆ ಮಾತ್ರ ಆಗ್ತಿಲ್ಲ."

ಸದ್ದು ಕೇಳಿ ಮನೆಯೊಳಗಿಂದ ಓಡಿ ಬಂದ ಅತ್ತಿಗೆಯೂ ನಾನೂ ಸೇರಿ ಅವರನ್ನು ಮೆಲ್ಲಗೆ ಎಳೆದು ಕೂರಿಸಿದೆವು. ಇಬ್ಬರನ್ನೂ ಒಂದೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಅಣ್ಣನ ಬೆರಳಿನ ಚರ್ಮ ಸುಲಿದು ಉಗುರು ಕಪ್ಪಾಗಿತ್ತು, ಮೂಳೆ ಮುರಿದಿರಲಿಲ್ಲ. ಇವರಿಗೆ ಎಕ್ಸ್‌ರೇ ತೆಗೆದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಅಣ್ಣ ಕಟ್ಟು ಹಾಕಿದ ಕೈ ನೋಡುತ್ತಾ ಕೂತಿದ್ದ. "ಅವ್ರಿಗೇನಾದ್ರೂ ಆದ್ರೆ ನಿನ್ ಮುಖ ಹೆಂಗ್ ನೋಡ್ಲೇ?" ಅಂದ. ಇಬ್ಬರಲ್ಲಿ ಯಾರಿಗೆ ಏನಾಗಿದ್ದರೂ ನಾನು ಆರಿಸಿ ತರಿಸಿದ ಸ್ಪ್ರಿಂಗಿನಿಂದಲೇ ಆಗುತ್ತಿತ್ತು ಅನ್ನುವುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಡಾಕ್ಟರು ಹೊರಗೆ ಬಂದು ಏನೂ ಆಗಿಲ್ಲ, ಮಾಂಸಖಂಡ ಹಿಡಿದುಕೊಂಡಿದೆ ಅಷ್ಟೇ ಎಂದಾಗ ಅಣ್ಣ ಎದ್ದು ಹೊರಗೆ ಹೋಗಿ, ತುಂಬ ಹೊತ್ತು ಬೇವಿನ ಮರದ ಕೆಳಗೆ ನಿಂತಿದ್ದ.

ಮಾರಿಬಿಡೋಣ ಎಂದು ಈ ಸಲ ನಾನೇ ಅಂದೆ. ಅದಕ್ಕೆ ಅಣ್ಣ, "ಅರ್ಧಕ್ಕೆ ಬಿಟ್ಟ ಕೆಲ್ಸ ಯಾವೋನಿಗೆ ಕೊಡ್ತೀಯ?" ಅಂದ.

ಬೆರಳು ವಾಸಿಯಾದ ಮೇಲೆ ಮತ್ತೆ ಕೂತೆವು. ಈ ಸಲ ಕೊಕ್ಕೆ ಕೂರುವ ಜಾಗದಲ್ಲಿ ಬಣ್ಣ ಕೆರೆದು ಒರಟು ಮಾಡಿದೆವು, ಮೂರನೆಯ ಕೊಕ್ಕೆ ಬಾಡಿಗೆಗೆ ತಂದೆವು. ಸರಪಳಿ ಎರಡು ಸುತ್ತು. ರಬ್ಬರನ್ನು ಬೆರಳಲ್ಲಿ ಸರಿಮಾಡದೆ ಮೊದಲೇ ದಾರದಿಂದ ಕಟ್ಟಿದ್ದ ಅಣ್ಣ. ನನ್ನ ಗಂಡ ಕುರ್ಚಿಯಲ್ಲಿ ಕೂತು, ಉದ್ದ ಕೋಲಿಗೆ ಕಟ್ಟಿದ ಕನ್ನಡಿಯಲ್ಲಿ ನೋಡುತ್ತಾ ಹೇಳುತ್ತಿದ್ದರು. ಜಾಕ್ ಏರಿಸುವಾಗ ಹಲ್ಲು ಕಚ್ಚಿ ಕಚ್ಚಿ ನನ್ನ ದವಡೆ ನೋಯುತ್ತಿತ್ತು. ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಹೋಗಿ ಕೂತು, ಅಣ್ಣ ಕೊನೆಯ ಬೋಲ್ಟು ಬಿಗಿದು ಸ್ಪ್ಯಾನರ್ ಕೆಳಗಿಟ್ಟ ಮೇಲೂ ನಾನು ಹಿಡಿ ಬಿಟ್ಟಿರಲಿಲ್ಲ. ಅವನೇ ಬಂದು ಬಿಡಿಸಿದ.

ಚಕ್ರಗಳ ಅಲೈನ್‌ಮೆಂಟ್ ಮಾಡಿಸಲು ಮೂವರೂ ಕಡೂರಿಗೆ ಹೋದೆವು. ನಾನು ಓಡಿಸಿದೆ. ಮೊದಲ ಹಂಪ್ ಬಂದಾಗ ಮೂವರೂ ಉಸಿರು ಹಿಡಿದೆವು. ಕಾರು ಹತ್ತಿ ಇಳಿಯಿತು, ತಳ ತಾಗಲಿಲ್ಲ. ಮುಂದೆ ಒಂದು ಕಡೆ ಕುರಿಹಿಂಡು ಇದ್ದಕ್ಕಿದ್ದಂತೆ ರಸ್ತೆಗೆ ಇಳಿಯಿತು. ಜೋರಾಗಿ ಬ್ರೇಕ್ ಹಾಕಿದೆ. ಮೂತಿ ಬಗ್ಗಿದ್ದು ಸ್ವಲ್ಪವೇ, ಕಾರು ಅತ್ತಿತ್ತ ಎಳೆಯದೆ ನೆಟ್ಟಗೆ ನಿಂತಿತು. ಸಣ್ಣ ಸಣ್ಣ ಗುಂಡಿಗಳು ಮಾತ್ರ ಮೊದಲಿಗಿಂತ ಹೆಚ್ಚು ಗೊತ್ತಾಗುತ್ತಿದ್ದವು.

"ಬೆನ್ನಿಗೆ ಹೆಂಗೈತೆ ಭಾವ?" ಎಂದು ಹಿಂದಿನ ಸೀಟಿನಿಂದ ಅಣ್ಣ ಕೇಳಿದ.

"ತಡ್ಕೋಬಹುದು. ರೇಸಿನದು ಹಾಕಿದ್ರೆ ಇಷ್ಟೊತ್ತಿಗೆ ಇಳಿದು ನಡ್ಕೊಂಡು ಹೋಗ್ತಿದ್ದೆ," ಅಂದರು ಇವರು. ಅಣ್ಣ ನಕ್ಕ. ನನಗೂ ಅಷ್ಟು ದಿನದಲ್ಲಿ ಮೊದಲ ಸಲ ನಗು ಬಂತು.

ವಾಪಸ್ ಬಂದು ತರೀಕೆರೆಯಲ್ಲಿ ಅವನನ್ನು ಇಳಿಸಿದಾಗ ಬಾಗಿಲು ಹಾಕದೆ ಹಾಗೇ ನಿಂತ. "ಹೊಸ ಸ್ಪ್ರಿಂಗು, ಸ್ವಲ್ಪ ಓಡಿದ್ಮೇಲೆ ಬೋಲ್ಟೆಲ್ಲ ಇನ್ನೊಂದ್ಸಲ ಬಿಗಿ ಮಾಡ್ಬೇಕು. ಬರೋ ಭಾನುವಾರ ಬನ್ನಿ," ಅಂದ. ಆಮೇಲೆ ಇವರ ಕಡೆ ಬಗ್ಗಿ, "ಊಟಕ್ಕೇ ಬನ್ನಿ ಭಾವ," ಅಂದ.

ನಾನು ಬಾಯಿ ತೆರೆಯುವ ಮೊದಲೇ ಇವರು "ಬರ್ತೀವಿ" ಅಂದುಬಿಟ್ಟರು.