ಗೋಡೆಯ ಮೇಲಿನ ಡಬ್ಬಿ

ಮೂವತ್ತು ವರ್ಷ ಕಲಬುರಗಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಬೆಳವಣಿಗೆಯ ಬಗ್ಗೆ ಮೊದಲ ಅನುಮಾನ ಹುಟ್ಟಿದ್ದು ಪ್ಯಾಂಟಿನ ಗುಂಡಿ ಹಾಕುವಾಗ. ಗುಂಡಿ ಈಚೆ, ಕಾಜ ಆಚೆ, ನಡುವೆ ನಾನು. ವೈದ್ಯರು ತೂಕ ನೋಡಿ ಮುಖ ಸಣ್ಣದು ಮಾಡಿದರು. "ಹೋದ ವರ್ಷಕ್ಕಿಂತ ಬೆಳದೀರಿ" ಎಂದರು. ಇದೇ ಮಾತನ್ನು ದೇಶದ ಬಗ್ಗೆ ಹೇಳಿದ್ದರೆ ಪತ್ರಿಕೆಯವರು ಮುಖಪುಟದಲ್ಲಿ ಹಾಕುತ್ತಿದ್ದರು. ನನಗೆ ಮಾತ್ರ ಸಿಹಿ ಬಿಡಿ, ಬೆಳಿಗ್ಗೆ ನಡೆಯಿರಿ ಎಂದು ಚೀಟಿ ಬರೆದುಕೊಟ್ಟರು.

ನನ್ನ ಈ ಬೆಳವಣಿಗೆಗೆ ಮೂಲಕಾರಣ ಒಂದು ಸ್ಟೀಲ್ ಡಬ್ಬಿ. ನಮ್ಮ ಪಕ್ಕದ ಮನೆ ಖಾಜಾಮಿಯಾ ಅವರದು. ಅವರು ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರಿ. ಅವರ ಹೆಂಡತಿ ಮೆಹರುನ್ನಿಸಾ ನನಗೆ ಭಾಬಿ, ನನ್ನ ಹೆಂಡತಿ ಮಹಾದೇವಿಗೆ ಹದಿನೆಂಟು ವರ್ಷದ ಗೆಳತಿ. ಎರಡೂ ಮನೆಗಳ ನಡುವೆ ಸೊಂಟದೆತ್ತರದ ಗೋಡೆ, ಅದರ ಮೇಲೆ ಹಾಸಿದ ಶಹಾಬಾದ್ ಫರಸಿಕಲ್ಲು. ನಮ್ಮ ಕಡೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಆ ಫರಸಿಯ ಮೇಲೆ ಕೂತು ಆಚೆ ಹೋಗುತ್ತವೆ. ಆ ಕಡೆಯಿಂದ ನಮಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ ಸೋರೆಕಾಯಿಯ ಕದ್ದೂ ಖೀರು, ತರಕಾರಿ ಅನ್ನದ ತಹರಿ ಬರುತ್ತವೆ. ಡಬ್ಬಿಯನ್ನು ಯಾರೂ ಖಾಲಿ ವಾಪಸ್ಸು ಮಾಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲವಾದರೂ ಹಾಕಬೇಕು. ಖಾಲಿ ಕಳಿಸಿದರೆ 'ಇನ್ನು ಕಳಿಸಬೇಡಿ' ಎಂದು ಹೇಳಿದ ಹಾಗೆ. ಹೀಗೆ ಓಡಾಡಿ ಓಡಾಡಿ ಆ ಡಬ್ಬಿ ಮೂಲತಃ ಯಾರದು ಎಂಬುದೇ ಎರಡೂ ಮನೆಯವರಿಗೆ ಮರೆತುಹೋಗಿದೆ. ಅದರ ಮೇಲೆ ಹೆಸರು ಕೆತ್ತಿಸುವ ಬುದ್ಧಿ ಯಾರಿಗೂ ಬಂದಿರಲಿಲ್ಲ.

ಇಷ್ಟು ಸುಖವಾಗಿದ್ದ ವ್ಯವಸ್ಥೆಗೆ ನನ್ನ ವಿದ್ಯೆ ಅಡ್ಡ ಬಂತು. ಕಮಲಾಪುರದ ಕಾಲೇಜಿನಲ್ಲಿ ಒಂದು ಚರ್ಚೆ ಇಟ್ಟಿದ್ದರು: ಬೆಳವಣಿಗೆಯ ಅಂಕಿ ಏರಿದರೆ ಆರ್ಥಿಕತೆ ಆರೋಗ್ಯವಾಗಿದೆ ಎಂದರ್ಥವೇ? ನನ್ನನ್ನು 'ಹೌದು' ಪಕ್ಷಕ್ಕೆ ಕರೆದರು. 'ಅಲ್ಲ' ಪಕ್ಷವನ್ನು ಅಲ್ಲಿನ ಪ್ರಾಂಶುಪಾಲರು ಮೊದಲೇ ಹಿಡಿದುಕೊಂಡಿದ್ದರು. ಜಾಣರು.

ಗೋಡೆಯ ಹತ್ತಿರ ನಿಂತು ಖಾಜಾಮಿಯಾ ಅವರ ಮುಂದೆ ಭಾಷಣದ ತಾಲೀಮು ನಡೆಸಿದೆ. ಅವರು ಹಲ್ಲುಕಡ್ಡಿ ಕಚ್ಚಿಕೊಂಡು ಪೂರ್ತಿ ಕೇಳಿದರು.

"ಸರ್, ಚೀಲ ಉಬ್ಬ್ಯಾದ ಅಂತ ಕಾಳು ಛಲೋ ಅದ ಅನ್ನಾಕ ಬರಂಗಿಲ್ರಿ. ನಾವು ಗಂಜ್‌ನ್ಯಾಗ ಕೊಳವಿ ಚುಚ್ಚಿ, ನಡುವಿನ ಕಾಳು ತೆಗದು ನೋಡ್ತೀವಿ. ನಿಮ್ಮ ಅಂಕಿ ಒಳಗ ನಮ್ಮ ಈ ಡಬ್ಬಿ ಅದ ಏನು?"

ಇಲ್ಲ ಎಂದು ಒಪ್ಪಬೇಕಾಯಿತು. ನಮ್ಮ ಶಾಸ್ತ್ರದ ವಿಚಿತ್ರ ನಿಮಗೂ ಗೊತ್ತಿರಲಿ: ಖಾನಾವಳಿಯಲ್ಲಿ ಕೊಂಡ ರೊಟ್ಟಿ ರಾಷ್ಟ್ರೀಯ ವರಮಾನ, ಮನೆಯಲ್ಲಿ ಬಡಿದ ರೊಟ್ಟಿ ಬರೀ ರೊಟ್ಟಿ. ಹಿಟ್ಟು ಲೆಕ್ಕದಲ್ಲಿದೆ, ಬಡಿದ ಕೈ ಇಲ್ಲ. ನನ್ನನ್ನು ಇಷ್ಟು ವರ್ಷ ಸಾಕಿದ ಮಹಾದೇವಿ ದೇಶದ ಪಾಲಿಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ಆದರೆ ಮೇಷ್ಟರಿಗೆ ಸೋಲೊಪ್ಪುವ ಅಭ್ಯಾಸ ಎಲ್ಲಿದೆ? "ಡಬ್ಬಿಗೂ ಬೆಲೆ ಹಚ್ಚಿಬಿಡೋಣ. ನಮ್ಮ ಓಣಿ ಹೆಂಗ ಬೆಳೀತದ ನೋಡ್ರಿ" ಎಂದೆ. ಒಂದು ತಿಂಗಳ ಪ್ರಯೋಗ. ಹೆಂಗಸರಿಬ್ಬರೂ ನಗುತ್ತಲೇ ಒಪ್ಪಿದರು. ರೊಟ್ಟಿಗಿಷ್ಟು, ಖೀರಿಗಿಷ್ಟು ಎಂದು ದರ ನಿಗದಿಯಾಯಿತು. ನಾನು ಒಂದು ನೋಟ್‌ಬುಕ್ ತಂದೆ.

ಮೊದಲ ವಾರ ಬೆಳವಣಿಗೆ ಆಕಾಶ ಮುಟ್ಟಿತು. ಸೊನ್ನೆಯಿಂದ ಶುರುವಾಗಿದ್ದರಿಂದ ಶೇಕಡಾ ಲೆಕ್ಕ ಹಾಕಲೂ ಬರುತ್ತಿರಲಿಲ್ಲ, ಅಷ್ಟು ಬೆಳೆದಿದ್ದೆವು. ತಿಂದದ್ದು ಅದೇ ರೊಟ್ಟಿ, ಅದೇ ಖೀರು ಎಂಬುದು ಬೇರೆ ಮಾತು.

ಎರಡನೆಯ ವಾರ ಒಂದು ಹೊಸ ಸಂಗತಿ ಗೊತ್ತಾಯಿತು. ದುಡ್ಡು ಕೊಟ್ಟ ನಾಲಗೆಗೆ ರುಚಿ ಬೇರೆ. ಹದಿನೆಂಟು ವರ್ಷ ಎಂಥ ಖೀರನ್ನೂ "ಭಾರಿ ಆಗ್ಯಾದ" ಎಂದು ಉಂಡ ಮಹಾದೇವಿ, ಗೋಡೆಗೆ ಕೇಳುವ ಹಾಗೆ ನನಗೆ ಹೇಳಿದಳು: "ಈ ಸಲ ಖೀರು ನೀರ್ ನೀರ್ ಆಗ್ಯಾದಲ್ರಿ. ರೊಕ್ಕಾ ಕೊಟ್ಟೀವಿ, ಪುಕ್ಕಟ ಅಲ್ಲ." ಮರುದಿನ ಗೋಡೆಯಾಚೆಯಿಂದ ಭಾಬಿಯ ದನಿ: "ಭಾಯಿಸಾಬ್, ರೊಟ್ಟಿ ಒಂದು ಮುರದದ. ಅದಕ್ಕ ಅರ್ಧಾ ರೇಟ್ ಹಿಡೀಲೇನ್ರಿ?"

ನಾನು ನೋಟ್‌ಬುಕ್ಕಿನಲ್ಲಿ 'ಮಾರುಕಟ್ಟೆ ಪ್ರಬುದ್ಧವಾಗುತ್ತಿದೆ' ಎಂದು ಬರೆದುಕೊಂಡೆ. ಈಗ ಅದನ್ನು ಓದಿದರೆ ನನ್ನ ಕಿವಿ ನಾನೇ ಹಿಂಡಿಕೊಳ್ಳಬೇಕೆನಿಸುತ್ತದೆ.

ಮೂರನೆಯ ವಾರ ಮಹಾದೇವಿ ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿಯಾಗಿ ಫರಸಿಯ ಮೇಲಿಟ್ಟಳು. ನಾನು ಗಾಬರಿಯಾಗಿ, ಬೆಲ್ಲವಾದರೂ ಹಾಕು ಎಂದೆ. "ತಗೊಂಡೀನಿ, ರೊಕ್ಕಾ ಕೊಟ್ಟೀನಿ. ಮತ್ತ ಬೆಲ್ಲ ಯಾಕ್ರಿ?" ಎಂದಳು. ತರ್ಕ ಸರಿಯಾಗಿತ್ತು. ನಾನೇ ಕಲಿಸಿದ್ದು. ಭಾಬಿ ಮುಚ್ಚಳ ತೆಗೆದು ನೋಡಿದರು, ಮತ್ತೆ ಮುಚ್ಚಿದರು, ಇದ್ದಲ್ಲೇ ಇಟ್ಟು ಒಳಗೆ ಹೋದರು. ಅವತ್ತಿನಿಂದ ಮಾತು ನಿಂತಿತು.

ಆಮೇಲೆ ಬೆಳವಣಿಗೆ ನಾಗಾಲೋಟ ಹಿಡಿಯಿತು. ಎರಡೂ ಮನೆಯಲ್ಲಿ ಅಡಿಗೆಗೆ ಮನಸ್ಸಿಲ್ಲದಂತಾಗಿ ಖಾನಾವಳಿಯಿಂದ ಊಟ ಬಂತು. ಖಾನಾವಳಿಯ ಖಾರಕ್ಕೆ ಎದೆಯುರಿ, ಎದೆಯುರಿಗೆ ಗುಳಿಗೆ, ಗುಳಿಗೆ ತರಲು ಆಟೊ. ಎಲ್ಲವೂ ಖರ್ಚು, ಎಲ್ಲವೂ ಯಾರದೋ ವರಮಾನ, ಎಲ್ಲವೂ ನೋಟ್‌ಬುಕ್ಕಿನಲ್ಲಿ. ಕೊನೆಗೆ ಗೋಡೆಯನ್ನೇ ಎತ್ತರಿಸಬೇಕೆಂದು ತೀರ್ಮಾನವಾಯಿತು. ಇಬ್ಬರು ಹೆಂಗಸರೂ ಆ ತಿಂಗಳು ಒಪ್ಪಿದ ಒಂದೇ ಮಾತು ಅದು. ಇಟ್ಟಿಗೆ, ಸಿಮೆಂಟು, ಕೂಲಿ: ನಮ್ಮ ಓಣಿ ಅಂಥ ಬಂಡವಾಳ ಹೂಡಿಕೆಯನ್ನು ಹಿಂದೆಂದೂ ಕಂಡಿರಲಿಲ್ಲ.

ಗೋಡೆ ಕಟ್ಟಲು ಬಂದ ಗೌಂಡಿ ಶರಣಪ್ಪ ಫರಸಿಯ ಮೇಲಿನ ಡಬ್ಬಿ ನೋಡಿ, "ಇದನ್ನ ತೆಗೀರಿ, ಸಾಲು ಎಬ್ಬಸ್ಬೇಕು" ಎಂದ.

"ಅದು ನಮ್ದಲ್ಲ" ಎಂದಳು ಮಹಾದೇವಿ ಈ ಕಡೆಯಿಂದ.

"ನಮ್ದೂ ಅಲ್ಲ" ಎಂದರು ಭಾಬಿ ಆ ಕಡೆಯಿಂದ.

ನಾನು ಕೈ ಚಾಚಿದೆ. ಎರಡೂ ಕಡೆಯಿಂದ ಕಣ್ಣು ಬಿದ್ದವು. ಕೈ ತಾನಾಗಿಯೇ ಜೇಬಿಗೆ ಹೋಯಿತು.

"ಜಗಳದ ಡಬ್ಬಿ ನಾ ಮುಟ್ಟಂಗಿಲ್ಲಪಾ" ಎಂದ ಶರಣಪ್ಪ, ಡಬ್ಬಿಯ ಎಡಬಲಕ್ಕೆ ಮಾತ್ರ ಇಟ್ಟಿಗೆ ಇಟ್ಟು, ಮೇಲೊಂದು ಸಣ್ಣ ಫರಸಿ ಹೊದಿಸಿ, ಅದರ ಮೇಲೆ ಗೋಡೆ ಎಬ್ಬಿಸಿಬಿಟ್ಟ. ಹೀಗೆ ಕಲಬುರಗಿಯಲ್ಲಿ ಡಬ್ಬಿಗೊಂದು ಕಿಂಡಿ ಬಿಟ್ಟು ಕಟ್ಟಿದ ಆಳೆತ್ತರದ ಗೋಡೆ ಇರುವುದು ನಮ್ಮ ಓಣಿಯಲ್ಲಿ ಮಾತ್ರ.

ಸಂಜೆ ಮಹಾದೇವಿ ಸುಮ್ಮನೆ ಆ ಗೋಡೆಯ ಬುಡದಲ್ಲಿ ಕೂತಿದ್ದಳು. ಆಚೆ ಬಳೆ ಸದ್ದಾದರೆ ಕಿವಿ ನಿಮಿರುತ್ತಿತ್ತು, ಮತ್ತೆ ಮುಖ ಬಾಡುತ್ತಿತ್ತು. ಅವಳು ಹಾಸಿಗೆ ಹಿಡಿದಿದ್ದ ಒಂದು ಇಡೀ ತಿಂಗಳು ಗಂಜಿ ಕಾಯಿಸಿ ಕಳಿಸಿದ ಕೈ ಆ ಬಳೆಯದು. ಒಂದು ಭಾಷಣಕ್ಕಾಗಿ ನಾನು ಅವಳ ಗೆಳತಿಯನ್ನು ಕಳೆದೆನೆಂದು ನನಗೆ ಬಹಳ ಸಂಕಟವಾಯಿತು, ಭಯವೂ ಆಯಿತು.

ಆದರೂ ಕಮಲಾಪುರಕ್ಕೆ ಹೋದೆ. ನಮ್ಮ ಓಣಿಯ ಅಂಕಿಗಳನ್ನು ಓದಿದೆ. ರೊಟ್ಟಿಯಿಂದ ಹಿಡಿದು ಗೋಡೆಯವರೆಗಿನ ಏರುಗತಿ ಕೇಳಿ ಸಭೆ ಚಪ್ಪಾಳೆ ತಟ್ಟಿತು. 'ಅಲ್ಲ' ಪಕ್ಷದ ಪ್ರಾಂಶುಪಾಲರು ಸೋತು ನನ್ನ ಕೈ ಕುಲುಕಿದರು. ಗೆದ್ದವನ ಮುಖ ಯಾಕೆ ಹೀಗಿದೆ ಎಂದು ಅವರಿಗೆ ಅರ್ಥವಾಗಲಿಲ್ಲ.

ಅಂದು ವಾರದ ಸಂತೆ. ಬಸ್ಸಿಗೆ ಮೊದಲು ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡೆ. ಹಣ ಕೊಟ್ಟ ಮೇಲೆ ಬಾಯಿ ತಾನಾಗಿಯೇ "ಕೊಸರು?" ಎಂದಿತು. ಹಣ್ಣಿನ ಹೆಂಗಸು ಚೌಕಾಸಿಗೆ ಜಗ್ಗದವಳು, ಈಗ ಮಾತ್ರ ತಟ್ಟನೆ ಒಂದು ದಪ್ಪ ಹಣ್ಣು ಮುರಿದು ಚೀಲಕ್ಕೆ ಹಾಕಿದಳು. "ಕೊಸರಿಲ್ಲದ ಯಾಪಾರ ಏನ್ ಯಾಪಾರ್ರಿ? ತಗೋರಿ, ಇದು ಲೆಕ್ಕಕ್ಕಿಲ್ಲ."

ಬಸ್ಸು ಮಹಾಗಾಂವ ದಾಟುವವರೆಗೂ ಆ ಹದಿಮೂರನೆಯ ಹಣ್ಣಿನ ಬಗ್ಗೆಯೇ ಯೋಚಿಸಿದೆ. ಹನ್ನೆರಡು ಹಣ್ಣು ದೇಶದ ಲೆಕ್ಕಕ್ಕೆ ಸೇರಿದವು. ಹದಿಮೂರನೆಯದು ಎಲ್ಲಿಯೂ ಸೇರಲಿಲ್ಲ. ಆದರೆ ಮುಂದಿನ ಸಂತೆಗೂ ನಾನು ಅವಳ ಹತ್ತಿರವೇ ಹೋಗುವುದು ಅದರಿಂದಾಗಿ. ನನ್ನ ಭಾಷಣದಲ್ಲಿ ಇದು ಎಲ್ಲೂ ಬಂದಿರಲಿಲ್ಲ.

ಮನೆಗೆ ಬಂದವನೇ ಆ ಕೊಸರು ಹಣ್ಣನ್ನು ಕಿಂಡಿಯೊಳಗಿನ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಕಳ್ಳನ ಹಾಗೆ ಒಳಗೆ ಬಂದು ಪತ್ರಿಕೆ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಮುಚ್ಚಳದ ಸದ್ದಾಯಿತು. ಆಮೇಲೆ ಕಿಂಡಿಯಿಂದ ದನಿ:

"ಮಹಾದೇವಕ್ಕಾ, ಬಾಳಿಹಣ್ಣಿಗಿ ಎಷ್ಟ್ ಕೊಡ್ಲಿ?"

ಮಹಾದೇವಿ ನನ್ನ ಕಡೆ ತಿರುಗಿದಳು. ನಾನು ಪತ್ರಿಕೆಯ ಹಿಂದಿನಿಂದ, "ಅದು ಕೊಸರು" ಎಂದೆ. ಅವಳು ಎದ್ದು ಹೋಗಿ ಕಿಂಡಿಗೆ ಬಗ್ಗಿದಳು.

"ಅದಕ್ಕ ರೊಕ್ಕಾ ಇಲ್ಲಂತ್ರೀ ಭಾಬಿ. ಕೊಸರಂತ. ನಮ್ಮವರು ಹಾಕ್ಯಾರ."

ಆಚೆ ಮುಚ್ಚಳ ಮತ್ತೊಮ್ಮೆ ಸದ್ದು ಮಾಡಿತು. "ನಿಮ್ಮವರಿಗಿ ತಲಿ ಸುದ್ದ ಅದ ಇಲ್ಲೋ ಅಕ್ಕಾ?"

"ಅರ್ಥಶಾಸ್ತ್ರ ಓದ್ಯಾರಲ್ರಿ, ಏನ್ ಮಾಡೂದು."

ಇಬ್ಬರೂ ನಗತೊಡಗಿದರು. ನಗು ಅಳುವಿಗೆ ತಿರುಗಿ ಮತ್ತೆ ನಗುವಿಗೆ ಬಂತು. ಅಷ್ಟು ಸಣ್ಣ ಕಿಂಡಿಯಲ್ಲಿ ಎರಡು ಕೈ ಹೇಗೆ ಹಿಡಿಸಿದವೋ ಶರಣಪ್ಪನನ್ನೇ ಕೇಳಬೇಕು.

ಮರುದಿನ ಡಬ್ಬಿ ತುಂಬ ಖೀರು ಬಂತು, ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಖಾನಾವಳಿ ಬಂದಾಯಿತು, ಗುಳಿಗೆ ಬಂದಾಯಿತು, ಆಟೊ ನಿಂತಿತು. ನೋಟ್‌ಬುಕ್ ತೆಗೆದು ನೋಡಿದರೆ ನಮ್ಮ ಓಣಿಯ ಆರ್ಥಿಕತೆ ಒಂದೇ ವಾರದಲ್ಲಿ ನೆಲಕಚ್ಚಿತ್ತು. ಬೆಳವಣಿಗೆ ಕಾಣುತ್ತಿರುವುದು ಈಗ ಒಂದೇ ಕಡೆ. ಅದಕ್ಕೆಂದು ದರ್ಜಿ ಹೊಸ ಪ್ಯಾಂಟಿನ ಅಳತೆ ತೆಗೆದುಕೊಂಡು ಹೋಗಿದ್ದಾನೆ.