ಡಾಕ್ಟರ ಬೋಗುಣಿಯ ನೀರು

ಯುದ್ಧ ಶುರುವಾದ ಮರುವರ್ಷದ ಬೇಸಿಗೆಯಲ್ಲಿ ಅವ್ವನ ಎಡಗಾಲ ಹಿಮ್ಮಡಿಯ ಹತ್ತಿರ ಬೊಬ್ಬೆ ಎದ್ದು ಒಡೆಯಿತು. ಒಳಗಿನಿಂದ ಬಿಳಿ ದಾರದ ತುದಿಯಂಥದ್ದು ಇಣುಕಿತು. ಅದು ನಾರುಹುಣ್ಣು. ಗೋನೆಗಂಡ್ಲದ ಆಚೆಗಿದ್ದ ನಮ್ಮ ಊರಿನಲ್ಲಿ ಅದೇನೂ ಹೊಸದಲ್ಲ. ಪ್ರತಿ ಬೇಸಿಗೆ ಯಾರದಾದರೂ ಕಾಲಿನಲ್ಲಿ ಇದ್ದೇ ಇರುತ್ತಿತ್ತು. ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕಿಷ್ಟು ಎಂದು ಮೆಲ್ಲಗೆ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು ಕೀವು ತುಂಬುತ್ತದೆ, ಕೆಲವರು ಜನ್ಮಪೂರ್ತಿ ಕುಂಟುತ್ತಾರೆ. ಅಪ್ಪ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ. ಮನೆಯಲ್ಲಿ ಅವ್ವ, ಹನ್ನೊಂದು ವರ್ಷದ ನಾನು, ನಾಲ್ಕು ವರ್ಷದ ತಂಗಿ. ಅವ್ವನಿಗೆ ನೆಲಕ್ಕೆ ಕಾಲೂರಲು ಆಗದ್ದರಿಂದ ನೀರು ತರುವ ಕೆಲಸ ನನ್ನ ತಲೆಗೆ ಬಂತು.

ನಮ್ಮದು ಮೆಟ್ಟಿಲು ಬಾವಿ. ಎಲ್ಲರೂ ಮೊಣಕಾಲವರೆಗೆ ನೀರಿಗಿಳಿದು ಕೊಡ ತುಂಬುತ್ತಿದ್ದೆವು, ಆ ನೀರನ್ನೇ ಕುಡಿಯುತ್ತಿದ್ದೆವು. ಬೇಸಿಗೆಯಲ್ಲಿ ಬಾವಿಯ ತಳ ಕಾಣತೊಡಗಿದರೆ ನಮ್ಮ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಪಾತ್ರೆಯಲ್ಲಿ ತಿಳಿನೀರು ಮಿಕ್ಕರೆ ಅದನ್ನು ಮಣ್ಣಿಗೆ ಚೆಲ್ಲುವಂತಿಲ್ಲ, ತಿರುಗಿ ಬಾವಿಗೇ ಹಾಕಬೇಕು. ಚೆಲ್ಲಿದರೆ ಗಂಗಮ್ಮ ಸುಮ್ಮನೆ ಬಿಡುವುದಿಲ್ಲ ಎಂದು ಹೆಂಗಸರು ಹೆದರಿಸುತ್ತಿದ್ದರು. ನಾನು ಮೊದಲೇ ಪುಕ್ಕಲಿ, ಅವರು ಹೇಳದಿದ್ದರೂ ಹೆದರುತ್ತಿದ್ದೆನೋ ಏನೋ.

ಅದೇ ಬೇಸಿಗೆ ಮದರಾಸಿನ ಕಡೆಯಿಂದ ಒಬ್ಬ ಡಾಕ್ಟರು ಬಂದು ಚಾವಡಿಯಲ್ಲಿ ಇಳಿದುಕೊಂಡರು. ಈ ಹುಳುವಿನ ಸಂಶೋಧನೆಗೆಂದೇ ಸರ್ಕಾರ ಕಳಿಸಿತ್ತಂತೆ. ದಿನಾ ಬೆಳಿಗ್ಗೆ ಬಿಳಿ ಪಿಂಗಾಣಿ ಬೋಗುಣಿ ತಂದು, ಅದರಲ್ಲಿ ನನ್ನಿಂದ ನೀರು ತುಂಬಿಸಿ, ಅವ್ವನ ಕಾಲನ್ನು ಅದರೊಳಗೆ ಇಡಿಸುತ್ತಿದ್ದರು. ತಣ್ಣೀರು ತಾಗಿದ ಕೂಡಲೇ ಹುಣ್ಣಿನಿಂದ ಹಾಲಿನಂಥದ್ದು ಹೊರಟು ಕ್ಷಣದಲ್ಲಿ ಕರಗಿಹೋಗುತ್ತಿತ್ತು. ಡಾಕ್ಟರು ಸಣ್ಣ ಸೀಸೆಗೆ ಒಂದಿಷ್ಟು ತುಂಬಿಕೊಂಡು, ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು.

“ನೋವಿಗೆ ಏನಾರ ಕೊಡ್ರಿ ದೊರಿ,” ಎಂದು ಅವ್ವ ಒಮ್ಮೆ ಕೇಳಿದಳು.

“ಔಷಧಕ್ಕೆ ನನಗೆ ಹಣ ಮಂಜೂರಾಗಿಲ್ಲಮ್ಮ. ನೋಡಿ ಬರೆಯೋದಕ್ಕಷ್ಟೇ,” ಎಂದರು. ಕೆಟ್ಟ ಮನುಷ್ಯರಲ್ಲ, ಹೇಳುವಾಗ ತಲೆ ತಗ್ಗಿಸಿದ್ದರು.

ಬೋಗುಣಿಯಲ್ಲಿ ಉಳಿದ ನೀರನ್ನು ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಬಹುಶಃ ಅವರ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವ್ವ ಹೇಳಿದಳು: “ಚೆಲ್ಲಬ್ಯಾಡವ್ವ, ತಿಳಿನೀರು ಐತಿ. ಬಾವ್ಯಾಗ ಹಾಕಿ ಬಾ.” ಒಂಬತ್ತು ದಿನ ನಾನು ಆ ನೀರನ್ನು ಒಂದು ಹನಿ ತುಳುಕದ ಹಾಗೆ ಹೊತ್ತು ಬಾವಿಗೆ ಹಾಕಿ ಬಂದೆ.

ಹತ್ತನೆಯ ದಿನ ಡಾಕ್ಟರು ಹಿತ್ತಾಳೆಯ ಯಂತ್ರವೊಂದನ್ನು ನಮ್ಮ ಜಗಲಿಗೇ ತಂದು, ಅದರ ಕಣ್ಣಿನಲ್ಲಿ ನೋಡಿ ಎಂದರು. ಮೊದಲು ಅವ್ವ ನೋಡಿದಳು, ಆಮೇಲೆ ನಾನು. ಕೂದಲಿನ ತುಣುಕುಗಳಂಥವು ವಿಲವಿಲ ಹೊರಳಾಡುತ್ತಿದ್ದವು.

“ಇವೆಲ್ಲ ನಿಮ್ಮ ಕಾಲಿಂದ ಬಂದ ಮರಿಗಳು,” ಎಂದರು ಡಾಕ್ಟರು. “ಒಣ ನೆಲಕ್ಕೆ ಬಿದ್ದರೆ ಸಾಯ್ತವೆ. ಬಾವಿ ಸೇರಿದರೆ ಮಾತ್ರ ಕೆಡುಕು. ಆ ನೀರು ಕುಡಿದವರ ಮೈಯಲ್ಲಿ ಬೆಳೆದು ವರ್ಷಕ್ಕೆ ಹೊರಗೆ ಬರ್ತವೆ. ಬಾವಿಯ ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ರಾಟೆ ಹಾಕಿ ಹಗ್ಗದಿಂದ ಸೇದಿದರೆ ಈ ರೋಗವೇ ಇಲ್ಲ. ಮೇಲಕ್ಕೆ ಬರೆದಿದೀನಿ.”

ನಾನು ಅವ್ವನ ಮುಖ ನೋಡಿದೆ. ಅವ್ವ ಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಅವಳಿಗೆ ಆ ನೀರಿನ ವಿಷಯ ಹೊಳೆದಿಲ್ಲ ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡೆ.

ಅದೇ ವಾರ ಡಾಕ್ಟರಿಗೆ ವಾಪಸು ಬರುವಂತೆ ಕಾಗದ ಬಂತು. ಯುದ್ಧದ ಖರ್ಚಿನಿಂದಾಗಿ ಸಂಶೋಧನೆಯ ಹಣ ನಿಂತಿತ್ತು. ಮಳೆಗಾಲದಲ್ಲಿ ಬಾವಿಯ ಬಗ್ಗೆ ಉತ್ತರ ಬಂತು. ಶಾನುಭೋಗರು ಚಾವಡಿಯಲ್ಲಿ ಓದಿ ಹೇಳಿದರು. ಹೊಸ ಕಾಮಗಾರಿಗೆ ಈಗ ಹಣವಿಲ್ಲ, ಯುದ್ಧ ಮುಗಿದ ಮೇಲೆ ಪರಿಶೀಲಿಸಲಾಗುವುದು. ಹುಳುವನ್ನು ನೋಡಲು ಅಷ್ಟು ದೂರದಿಂದ ಯಂತ್ರ ಬಂದಿತ್ತು, ಹುಳು ಬಾರದಂತೆ ಮಾಡಲು ನಾಲ್ಕು ಗಾಡಿ ಕಲ್ಲು ಬರಲಿಲ್ಲ. ಆ ಸಿಟ್ಟು ನನಗೆ ಬಂದದ್ದು ದೊಡ್ಡವಳಾದ ಮೇಲೆ. ಆಗ ಇದ್ದದ್ದು ಬರೀ ಹೆದರಿಕೆ.

ಯಾಕೆಂದರೆ ಆ ದಿನಗಳಲ್ಲಿ ತಂಗಿಗೆ ಅದೇ ಬಾವಿಯ ನೀರನ್ನು ನಾನೇ ಕುಡಿಸಿದ್ದೆ. ನಾನೂ ಕುಡಿದಿದ್ದೆ, ಕೇರಿಯೂ ಕುಡಿದಿತ್ತು. ಆದರೆ ನನಗೆ ಕಾಣುತ್ತಿದ್ದದ್ದು ಅವಳ ಕಾಲು ಮಾತ್ರ. ಅವಳಿಗೆ ಸ್ನಾನ ಮಾಡಿಸುವಾಗ ಬೆರಳ ಸಂದಿಯನ್ನೂ ಬಿಡದೆ ನೋಡುತ್ತಿದ್ದೆ. ಸೊಳ್ಳೆ ಕಚ್ಚಿ ಕೆರೆದುಕೊಂಡರೂ ದೀಪ ಹಿಡಿದು ನೋಡುತ್ತಿದ್ದೆ. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ಯುಗಾದಿಯೂ ಕಳೆಯಿತು. ಡಾಕ್ಟರ ಲೆಕ್ಕ ತಪ್ಪಿರಬಹುದೆಂಬ ಆಸೆ ಹುಟ್ಟತೊಡಗಿತು.

ಒಂದು ಮಧ್ಯಾಹ್ನ ತಂಗಿ ಅಂಗಳದಿಂದ ಅಳುತ್ತ ಬಂದಳು. ಬಲಗಾಲ ಹರಡಿನ ಮೇಲೆ ಬೊಬ್ಬೆ ಎದ್ದಿತ್ತು. ಇನ್ನು ತಡೆಯಲಾಗದೆ ನಾನು ಹೇಳಿಬಿಟ್ಟೆ: “ಅವ್ವಾ, ಆ ಬೋಗುಣಿ ನೀರು ಬಾವ್ಯಾಗ ಹಾಕಿದಾಕಿ ನಾನು.”

ಅವ್ವ ತಂಗಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. “ಹಾಕಿ ಬಾ ಅಂದಾಕಿ ನಾನಲ್ಲೇನು?” ಎಂದಳು. “ಆ ಡಾಕ್ಟರು ಯಂತ್ರದಾಗ ತೋರಿಸಿದ ದಿನದಿಂದ, ಈಕಿ ಕಾಲು ನೋಡದ ನಾನೂ ಒಂದಿನ ಮಲಗಿಲ್ಲ.” ಆಮೇಲೆ ದನಿ ತಗ್ಗಿಸಿದಳು. “ಹೊರಗ ಯಾರ ಮುಂದೂ ಬಾಯಿ ಬಿಡಬ್ಯಾಡ.”

ಅಷ್ಟರಲ್ಲಿ ಪಕ್ಕದ ಮನೆಯಾಕೆ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದು ಬಾಗಿಲಲ್ಲಿ ನಿಂತಳು. “ಅಕ್ಕಾ, ನಮ್ಮ ಹುಡುಗಿ ಕಾಲು ಸ್ವಲ್ಪ ನೋಡ್ರಿ, ಏನೋ ಎದ್ದೈತಿ,” ಎಂದಳು. ಅವ್ವ ನನ್ನ ಮಣಿಕಟ್ಟನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.