ದೊಡ್ಡಾಯಿ ಮಗುಚಿದ ಘಟ್ಟ

ನಮ್ಮ ಶಿರಸಿ ಸೀಮೆಯಲ್ಲಿ ಬಿಸಿಲಿಗಿಟ್ಟ ವಸ್ತು ಯಾರೊಬ್ಬರ ಸ್ವಂತದ್ದಾಗಿ ಉಳಿಯುವುದಿಲ್ಲ. ಹಪ್ಪಳವಿರಲಿ, ಕೊಬ್ಬರಿಯಿರಲಿ, ಆ ದಾರಿಯಲ್ಲಿ ಹೋದವರು ಬಗ್ಗಿ ಒಮ್ಮೆ ಮಗುಚಿಯೇ ಮುಂದೆ ಹೋಗುತ್ತಾರೆ. ಅದು ಉಪಕಾರ, ಯಾರೂ ಕೇಳುವುದಿಲ್ಲ, ಯಾರೂ ಹೇಳಿಕೊಳ್ಳುವುದಿಲ್ಲ. ಇದು ಗೊತ್ತಿದ್ದೂ ನಾನು ಒಂದು ಏಪ್ರಿಲ್ ಬೆಳಿಗ್ಗೆ ಅರಬೈಲ್ ಘಟ್ಟವನ್ನು ನನ್ನ ದೊಡ್ಡಪ್ಪನ ಹೆಂಡತಿ ದೊಡ್ಡಾಯಿಯ ಹಲಸಿನ ಹಪ್ಪಳದ ಪಕ್ಕ ಬಿಸಿಲಿಗಿಟ್ಟೆ.

ಘಟ್ಟ ಎಂದರೆ ಅದರ ಚಿತ್ರ. ಪೇಟೆಯಲ್ಲಿ ಬಣ್ಣದ ಫೋಟೊಗಳನ್ನು ಒಂದು ಗಂಟೆಯಲ್ಲಿ ತೊಳೆದು ಕೊಡುವ ಸ್ಟುಡಿಯೋ ಬಂದ ವರ್ಷವೇ ನಾನು ನೂರೈವತ್ತು ವರ್ಷ ಹಳೆಯ ವಿದ್ಯೆಗೆ ಬಿದ್ದಿದ್ದೆ. ಕಬ್ಬಿಣದ ಎರಡು ಲವಣ ಕಲಸಿ, ಕತ್ತಲಲ್ಲಿ ಕಾಗದಕ್ಕೆ ಬಳಿದು, ಮೇಲೆ ದೊಡ್ಡ ನೆಗೆಟಿವ್, ಅದರ ಮೇಲೆ ಗಾಜು, ಅಡಿಗೆ ಹಲಗೆ ಇಟ್ಟು ಬಿಸಿಲಿಗೆ ಒಡ್ಡಿದರೆ ಬೆಳಕು ತಾಗಿದಲ್ಲೆಲ್ಲ ನೀಲಿ ಕೂರುತ್ತದೆ. ಉಳಿದದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ಇಂಜಿನಿಯರುಗಳ ಹಳೆಯ ನೀಲಿ ನಕಾಶೆಗಳೂ ಇದೇ ವಿದ್ಯೆಯವು. ಘಟ್ಟದ ರಸ್ತೆಯೂ ಮೊದಲು ಹೀಗೇ ನೀಲಿಯಾಗಿ ಹುಟ್ಟಿದ್ದೀತು.

ಎಂಎಸ್ಸಿ ಮುಗಿಸಿ ಬರುವಾಗ ಪ್ರಯೋಗಶಾಲೆಯಲ್ಲಿ ಕೇಳಿ ತಂದಿದ್ದ ಲವಣ ಅಂದಿಗೆ ತೀರಿತ್ತು. ಬಳಿದದ್ದು ಆ ಒಂದೇ ಹಾಳೆ. ಧಾರವಾಡದ ಒಂದು ಪ್ರದರ್ಶನಕ್ಕೆ ಅದನ್ನು ಮರುದಿನ ಅಂಚೆಗೆ ಹಾಕಬೇಕಿತ್ತು. ನನ್ನ ಚಿತ್ರವನ್ನು ಹೊರಗಿನವರು ನೋಡುವುದು ಅದೇ ಮೊದಲು. ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ತಿಳಿಸಿದರೆ, ಆಯ್ಕೆಯಾಗದಿದ್ದಾಗ ಅದನ್ನೂ ತಿಳಿಸಬೇಕಾಗುತ್ತದೆ ಎಂಬುದು ನನ್ನ ದೂರದೃಷ್ಟಿ.

ಇಪ್ಪತ್ತು ನಿಮಿಷದ ಬಿಸಿಲು ಬೇಕಿತ್ತು. ಅಷ್ಟರಲ್ಲಿ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಗಾಜು ಕೆಳಗಾಗಿ, ಹಿಂದಿನ ಹಲಗೆ ಆಕಾಶ ನೋಡುತ್ತಿದೆ. ದೊಡ್ಡಾಯಿ ಹಪ್ಪಳ ಮಗುಚುತ್ತ ಬಂದು ನನ್ನದಕ್ಕೂ ಕೈಹಾಕಿದ್ದಳು.

"ಒಂದೇ ಬದಿ ಒಣಗಿರೆ ಎಂತಕ್ಕೆ ಬತ್ತು ಕೂಸೇ? ನಿಂಗೆ ನೆನಪಿಲ್ಲೆ ಹೇಳಿ ಆನೇ ಮಗ್ಚಿದ್ದೆ" ಎಂದಳು.

ಬಟ್ಟೆಯ ಕ್ಲಿಪ್ಪುಗಳ ಹಿಡಿತದಲ್ಲಿದ್ದ ನೆಗೆಟಿವ್ ಜಾರಿತ್ತು. ಮತ್ತೆ ಬಿಸಿಲು ಕೊಟ್ಟರೆ ಒಂದು ಘಟ್ಟ ಎರಡಾಗುತ್ತಿತ್ತು. ಹಾಳೆಯನ್ನು ಬಾವಿಕಟ್ಟೆಗೆ ಒಯ್ದು ತೊಳೆದೆ. ಹತ್ತಿರದ ಮರಗಳು, ಅವುಗಳ ನಡುವೆ ರಸ್ತೆಯ ತಿರುವು ತಿಳಿನೀಲಿಯಲ್ಲಿ ಉಳಿದವು. ಯಾವುದಕ್ಕಾಗಿ ಮೂರು ಸಲ ಬಸ್ಸು ಹತ್ತಿದ್ದೆನೋ ಆ ದೂರದ ಗುಡ್ಡಗಳ ಸಾಲು ಬಿಸಿಲು ಸಾಲದೆ ನೀರಿನೊಂದಿಗೆ ಹರಿದುಹೋಯಿತು.

ಪಕ್ಕದಲ್ಲಿ ನಿಂತಿದ್ದ ದೊಡ್ಡಾಯಿ ಕೇಳಿದಳು: "ಇದು ಅರಬೈಲ್ ಅಲ್ದಾ? ಆಚೆ ಗುಡ್ಡ ಎಲ್ಲ ಎಲ್ಲಿ ಹೋತು?"

ಹೇಳಲೇಬೇಕಾಯಿತು. ಲವಣ, ಬಿಸಿಲು, ಧಾರವಾಡ, ಎಲ್ಲವನ್ನೂ. ಮನೆಯಲ್ಲಿ ಒಂದೇ ಉಸಿರಿಗೆ ನಾನು ಅಷ್ಟು ಮಾತಾಡಿದ ನೆನಪಿಲ್ಲ. ಒಂದು ಮಾತು ಹೇಳಿದ್ದರೆ ತಾನೇ ಕಾಯುತ್ತ ಕೂರುತ್ತಿದ್ದೆ ಎಂದಳು ದೊಡ್ಡಾಯಿ. ಅದು ಬೈಗುಳವಲ್ಲ, ನೊಂದ ದನಿ. ಚಿತ್ರ ಕೆಟ್ಟದ್ದರಲ್ಲಿ ಅವಳ ಕೈಯಷ್ಟೇ ನನ್ನ ಮುಚ್ಚಿದ ಬಾಯಿಯ ಪಾಲೂ ಇತ್ತು.

ಚಿತ್ರ ಧಾರವಾಡಕ್ಕೆ ಹೋಯಿತು, ಅಷ್ಟೇ ಬೇಗ ಮರಳಿತು. ಈಗ ಅದು ಜಗಲಿಯ ಗೋಡೆಯಲ್ಲಿದೆ. ದೊಡ್ಡಾಯಿ ಬಂದವರಿಗೆಲ್ಲ ಖಾಲಿ ಕಾಗದದ ಮೇಲೆ ಬೆರಳಾಡಿಸಿ, ಇಲ್ಲೊಂದು ಗುಡ್ಡವಿತ್ತು, ಅದರಾಚೆ ಇನ್ನೊಂದು, ತಾನು ಮಗುಚಿದ್ದಕ್ಕೆ ಹೋದವು ಎಂದು ತೋರಿಸುತ್ತಾಳೆ. ಎಣಿಸಿದರೆ, ನಾನು ಕಂಡದ್ದಕ್ಕಿಂತ ಒಂದೆರಡು ಗುಡ್ಡ ಹೆಚ್ಚೇ ಇರುತ್ತವೆ. ನಾನು ತಿದ್ದುವುದಿಲ್ಲ.